ಜವಳಿ ಅಂಗಡಿಯ ಮಹಡಿಯಲ್ಲಿ ತೊಡದೇವು

ನಕ್ಷೆಯಲ್ಲಿ ನಮ್ಮ ಹೋಟೆಲ್ ಇರಲಿಲ್ಲ. ಎರಡನೆಯ ಮಹಡಿ ಇತ್ತು, ಮೆಟ್ಟಿಲು ಇತ್ತು, ರಸ್ತೆಯ ಕಡೆಯ ಐದು ಕಿಟಕಿಗಳೂ ಇದ್ದವು. ಹೋಟೆಲ್ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಚೌಕ ಎಳೆದು, ಒಳಗೆ ಪೆನ್ಸಿಲ್ಲಿನಲ್ಲಿ ‘ಮಕ್ಕಳ ರೆಡಿಮೇಡ್’ ಎಂದು ಬರೆದಿತ್ತು.

“ಇದೇನ್ರಿ ಸರ?” ಎಂದೆ.

“ಇನ್ನೂ ಪೆನ್ಸಿಲ್ಲಲ್ಲೇ ಇದೆಯಲ್ಲ ಮೇಡಂ. ಪೆನ್ನಲ್ಲಿ ಬರೆದ ಮೇಲೆ ಜಗಳ ಆಡಿ,” ಎಂದರು ಯಜಮಾನರು.

ಶಿರಸಿ ಪೇಟೆಯಲ್ಲಿ ಈ ಮಳಿಗೆ ಕಟ್ಟಿದವರು ಯಜಮಾನರ ಅಜ್ಜ. ಕೆಳಗೆ ಪಂಚೆ ಮತ್ತು ಬಟ್ಟೆಯ ತಾನುಗಳು, ಮೊದಲ ಮಹಡಿಯಲ್ಲಿ ಸೀರೆ, ಪಾತ್ರೆ, ಉಡುಗೊರೆ ಸಾಮಾನು, ಅದರ ಮೇಲೆ ಹೋಟೆಲ್. ಆ ಹೋಟೆಲಿನ ಉಸ್ತುವಾರಿ ನನ್ನದು. ಅಡುಗೆಯವರನ್ನೂ ಸೇರಿಸಿ ಏಳು ಜನರ ಅನ್ನ ಅಲ್ಲಿತ್ತು. ಹೋಟೆಲ್ ಎಂದರೆ ನಿಂತು ಚಹಾ ಕುಡಿದು ಹೋಗುವ ಜಾಗವಲ್ಲ. ಬಿಳಿ ಮೇಜುಬಟ್ಟೆ, ಬೆತ್ತದ ಕುರ್ಚಿ, ಕೈ ತೊಳೆಯಲು ಹಿತ್ತಾಳೆಯ ಬೋಗುಣಿ, ಗೋಡೆಗೆ ಆಳೆತ್ತರದ ಕನ್ನಡಿ. ಕೊಂಡ ಸೀರೆಯನ್ನು ಆ ಕನ್ನಡಿಯ ಮುಂದೆ ಹೆಗಲಿಗೆ ಹಾಕಿ ನೋಡಿ, ಮುಖ ಸಿಂಡರಿಸಿ, ಬದಲಾಯಿಸಲು ಮತ್ತೆ ಕೆಳಗಿಳಿದ ಹೆಂಗಸರಿಗೆ ಲೆಕ್ಕವಿಲ್ಲ. ಸೀರೆ ವಿಭಾಗದವರು ನಮ್ಮ ಕನ್ನಡಿಯನ್ನು ಶಪಿಸದ ದಿನವಿರಲಿಲ್ಲ.

ಅಜ್ಜ ಈ ಹೋಟೆಲ್ ಮಾಡಿದ್ದು ಶೋಕಿಗಲ್ಲ. ಮದುವೆ ಜವಳಿ ತೆಗೆಯಲು ಯಲ್ಲಾಪುರ, ಸಿದ್ದಾಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಮಧ್ಯಾಹ್ನ ಊಟಕ್ಕೆಂದು ಹೊರಗೆ ಹೋಗುತ್ತಿದ್ದರಂತೆ. ಹೋದವರು ಕೈ ತೊಳೆದು ಇನ್ನೊಂದು ಅಂಗಡಿಗೆ ಹೊಕ್ಕರೆ ಮುಗಿಯಿತು. ಹೊಟ್ಟೆ ಇಲ್ಲೇ ತುಂಬಿದರೆ ಕಾಲು ಬೇರೆಲ್ಲಿಗೂ ಹೋಗದು ಎಂದು ಲೆಕ್ಕ ಹಾಕಿ ಅವರು ಮಹಡಿಯಲ್ಲಿ ಮೇಜು ಹಾಕಿಸಿದರು. ಜೊತೆಗೆ ಒಂದು ಪದ್ಧತಿ ತಂದರು. ಧಾರೆ ಸೀರೆ ಒಪ್ಪಿಗೆಯಾದ ಕೂಡಲೇ ಗಂಡಿನ ಕಡೆಯವರನ್ನೂ ಹೆಣ್ಣಿನ ಕಡೆಯವರನ್ನೂ ಒಂದೇ ಮೇಜಿಗೆ ಕೂರಿಸಿ, ಅಂಗಡಿಯ ಲೆಕ್ಕದಲ್ಲಿ ತೊಡದೇವು ಕೊಡುವುದು. ಅಕ್ಕಿ ಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಬೋರಲು ಹಾಕಿದ ಮಡಕೆಯ ಬೆನ್ನ ಮೇಲೆ ಬಟ್ಟೆಯಿಂದ ತೊಡೆದು, ತುಪ್ಪ ಸವರಿ ಮಡಚಿ ತೆಗೆಯುವ ಸಿಹಿ ಅದು. ಕಾಗದಕ್ಕಿಂತ ತೆಳು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಆ ಪದ್ಧತಿ ನಿಂತು ಪೊಟ್ಟಣದ ಪೇಡೆ ಬಂದಿತ್ತು.

ಈಗ ಮಳಿಗೆಗೆ ಹೊಸ ರೂಪ ಕೊಡುವ ಕೆಲಸ ನಡೆದಿತ್ತು, ಯುಗಾದಿಗೆ ಮತ್ತೆ ತೆರೆಯಬೇಕು. ನಾನು ನಕ್ಷೆಯ ಮುಂದಿನಿಂದ ಅಲುಗಾಡದ್ದನ್ನು ನೋಡಿ ಯಜಮಾನರು ಒಂದು ಷರತ್ತು ಹಾಕಿದರು.

“ಒಂದು ಗೋಡೆ ಪೂರ್ತಿ ಹೋಟೆಲಿನ ಇತಿಹಾಸ ಬರೆಸಿ. ಅದರ ಮುಂದೆ ಮಡಕೆ ಇಟ್ಟು, ಹಿಂದೆ ಮಾಡ್ತಿದ್ದ ಹಾಗೆ ಜನರ ಕಣ್ಣೆದುರಿಗೇ ತೊಡದೇವು ಮಾಡಿಸಿ. ಯುಗಾದಿಗೆ ಆಯ್ತು ಅಂದ್ರೆ ಹೋಟೆಲ್ ಉಳೀತದೆ. ಇಲ್ಲಾಂದ್ರೆ ಈ ಪೆನ್ಸಿಲ್ಲೇ ಪೆನ್ನು.”

“ಆತ್ರಿ,” ಎಂದೆ. ನನ್ನದು ಬನವಾಸಿ ಕಡೆಯ ಊರು. ತೊಡದೇವನ್ನು ತಿಂದು ಗೊತ್ತೇ ಹೊರತು ಮಾಡಿ ಗೊತ್ತಿಲ್ಲ. ಆದರೆ ಅದನ್ನು ಆ ಹೊತ್ತಿನಲ್ಲಿ ಹೇಳುವಷ್ಟು ದಡ್ಡಿಯೂ ನಾನಲ್ಲ.

ಮೊದಲು ಇತಿಹಾಸಕ್ಕೆ ಕೈ ಹಾಕಿದೆ, ಅದು ಸುಲಭ ಎಂದುಕೊಂಡು. ಹಳೆಯ ಗಿರಾಕಿಗಳನ್ನು ಹುಡುಕಿ ಕೇಳುತ್ತ ಹೋದೆ. ಸೋಂದಾದ ಹಿರಿಯರೊಬ್ಬರು, ಸಿದ್ದಾಪುರದ ನಿವೃತ್ತ ಶಿಕ್ಷಕಿ, ಪೇಟೆಯ ದರ್ಜಿ, ಎಲ್ಲರ ನೆನಪೂ ಒಂದೇ. “ಮಹಡಿ ಮೇಲೆ, ಒಳಗಿನ ಬಾಗಿಲ ಹತ್ತಿರ, ಬೋರಲು ಮಡಕೆ. ಹೊಗೆ ಏಳ್ತಿತ್ತು. ಬಿಸಿ ಬಿಸಿ ತೆಗೆದು ಕೊಡ್ತಿದ್ರು.” ಮೂರು ಜನ ಹೇಳಿದ್ದು ಸುಳ್ಳಾಗುತ್ತದೆಯೇ? ನಾನು ನನ್ನ ಚಂದದ ಕನ್ನಡದಲ್ಲಿ ಮೊದಲ ಸಾಲು ಬರೆದೇ ಬಿಟ್ಟೆ: ‘ಈ ಮಹಡಿಯ ಒಲೆಯ ಮೇಲೆ ಅಂದಿನಿಂದ ತೊಡದೇವು ಬೇಯುತ್ತ ಬಂದಿದೆ.’ ಯಜಮಾನರಿಗೆ ಅದು ಬಹಳ ಹಿಡಿಸಿತು. ಬೋರ್ಡ್ ಬರೆಯುವವರಿಗೆ ಅವತ್ತೇ ಕಳಿಸಿದರು.

ಇನ್ನು ಮಡಕೆ. ನಮ್ಮ ಅಡುಗೆಯವರು ಕುಮಟೆ ಕಡೆಯವರು, ಕೈ ಹಾಕಿದ ಯಾವ ಅಡುಗೆಯೂ ಕೆಟ್ಟಿದ್ದಿಲ್ಲ. ಸಂತೆಯಿಂದ ಹೊಸ ಮಡಕೆ ತಂದು, ಗ್ಯಾಸ್ ಒಲೆಯ ಮೇಲೆ ಬೋರಲು ಹಾಕಿ, ಉರಿ ಏರಿಸಿದರು. ಹಿಟ್ಟು ತಾಗಿದ್ದೇ ತಡ, ಮಡಕೆ ಠಪ್ ಎಂದು ಎರಡು ಹೋಳು. ಎರಡನೆಯದಕ್ಕೂ ಅದೇ ಗತಿ. ಮೂರನೆಯದಕ್ಕೆ ದಿನಕ್ಕೆರಡು ಸಲ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ಆರಿಸಿ, ಎಂಟು ದಿನ ಪಳಗಿಸಿದೆವು. ಅದು ನಿಂತಿತು.

ಹಿಟ್ಟು ತೊಡೆಯಲು ತೆಳುವಾದ ಬಟ್ಟೆ ಬೇಕು. ಜವಳಿ ಅಂಗಡಿಯಲ್ಲಿ ಕೂತು ಬಟ್ಟೆಗೆ ಚಿಂತೆಯೇ? ಕೆಳಗಿನ ವಿಭಾಗದಿಂದ ಒಳ್ಳೆಯ ತಾನೊಂದನ್ನು ಬಿಚ್ಚಿಸಿ ಒಂದು ಗಜ ಹರಿಸಿಕೊಂಡು ಬಂದೆ. ‘ಅಪ್ಪಟ ಹತ್ತಿ’ ಎಂದು ಅದರ ಮೇಲೆ ಚೀಟಿ ಇತ್ತು. ಪೂಜೆಗೆ ಉಡುವ ಪಂಚೆಗೆ, ಮಗುವಿನ ತೊಟ್ಟಿಲಿಗೆ ಎಂದು ಜನ ಕೇಳಿ ಕೇಳಿ ಒಯ್ಯುತ್ತಿದ್ದ ತಾನು. ಅಡುಗೆಯವರು ಅದನ್ನು ಕೋಲಿಗೆ ಕಟ್ಟಿ, ಹಿಟ್ಟಿನಲ್ಲಿ ಅದ್ದಿ, ಕಾದ ಮಡಕೆಯ ಮೇಲೆ ಒಂದೇ ಎಳೆತಕ್ಕೆ ಎಳೆದರು. ಬಟ್ಟೆ ಮುಂದೆ ಬರಲಿಲ್ಲ. ಅಂಚು ಮುದುಡಿ, ಕಪ್ಪಗೆ ಗಂಟು ಗಂಟಾಗಿ ಮಡಕೆಗೆ ಅಂಟಿಕೊಂಡಿತು. ಪ್ಲಾಸ್ಟಿಕ್ ಸುಟ್ಟ ವಾಸನೆ ಮಹಡಿ ತುಂಬಿತು.

ಅಡುಗೆಯವರು ನನ್ನ ಮುಖ ನೋಡಿದರು. “ಮೇಡಂ, ಹತ್ತಿ ಸುಟ್ರೆ ಬೂದಿ ಆಗ್ತದೆ. ಇದು ಕರಗಿದೆ.”

ಜವಳಿ ಅಂಗಡಿಯಲ್ಲಿ ಇಷ್ಟು ಕಾಲ ಇದ್ದವಳಿಗೆ ಅದನ್ನು ಅಡುಗೆಯವರು ಹೇಳಬೇಕೇ? ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರೆ ಹತ್ತಿ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ, ಮಿಶ್ರಣವಾದರೆ ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಇದು ನಮ್ಮ ಕೆಳಗಿನ ವಿಭಾಗದವರಿಗೆ ಬರುವ ಮೊದಲ ಪಾಠ. ಆ ತಾನಿನ ಮೇಲೆ ಯಾರೂ ಆ ಪಾಠ ಪ್ರಯೋಗಿಸಿರಲಿಲ್ಲ. ಕಳಿಸಿದವರನ್ನು ನಂಬಿ ಚೀಟಿಯನ್ನು ನಂಬಿದ್ದೆವು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೋಟೆಲ್ ಉಳಿಸಿಕೊಡಿ ಎಂದು ಕೇಳಬೇಕಾದವಳು ಯಜಮಾನರ ಬಟ್ಟೆಯಲ್ಲಿ ಹುಳುಕು ತೋರಿಸಲು ಹೋಗುವುದು ತಲೆ ಸರಿಯಿದ್ದವರ ಕೆಲಸವಲ್ಲ. ಆದರೆ ಆ ವಾಸನೆ ಮೂಗಿನಿಂದ ಹೋಗಲೇ ಇಲ್ಲ. ಮುದುಡಿದ ಬಟ್ಟೆಯನ್ನು ತಟ್ಟೆಯಲ್ಲಿ ಇಟ್ಟುಕೊಂಡು, ತಿಂಡಿ ಒಯ್ದ ಹಾಗೆ, ಅವರ ಮೇಜಿನ ಮೇಲೆ ಇಟ್ಟೆ. ಅವರು ಸುಟ್ಟ ಅಂಚಿನ ಗಂಟನ್ನು ಉಗುರಿನಿಂದ ಕೆದಕಿ ನೋಡಿದರು. ಆಮೇಲೆ ತಾವೇ ಕೆಳಗೆ ಹೋಗಿ, ಆ ತಾನನ್ನು ಕಪಾಟಿನಿಂದ ಇಳಿಸಿ, ಚೀಟಿ ಹರಿದು ಒಳಗೆ ಹಾಕಿಸಿದರು. ನನಗೆ ಭೇಷ್ ಅನ್ನಲಿಲ್ಲ, ಬೈಯಲೂ ಇಲ್ಲ.

ಎಳೆ ಸುಟ್ಟು ನೋಡಿ, ನಿಜವಾದ ಹತ್ತಿ ಬಟ್ಟೆ ತಂದೆವು. ಅದು ಕರಗಲಿಲ್ಲ, ಆದರೆ ಹಿಟ್ಟನ್ನು ಹಿಡಿಯಲೂ ಇಲ್ಲ. ಹೊಸ ಬಟ್ಟೆಯ ಗಂಜಿ ಬಿರುಸು. ಒಂದು ಕಡೆ ದೋಸೆಯಷ್ಟು ದಪ್ಪ, ಇನ್ನೊಂದು ಕಡೆ ಮಡಕೆಯ ಕೆಂಪು ಕಾಣುವಷ್ಟು ಬೋಳು. ಎರಡು ಸಲ ಒಗೆದೆವು, ನಾಲ್ಕು ಸಲ ಕುದಿಸಿದೆವು. ಸೋಪಿನ ವಾಸನೆಯ ತೊಡದೇವು ಬಂತು. ಬಡಿಸುವ ಹೆಂಗಸರಲ್ಲಿ ಒಬ್ಬಳು ಒಂದು ಚೂರು ಬಾಯಿಗಿಟ್ಟು, “ಅಕ್ಕಾ, ತಿಂದೆನೋ ಬಟ್ಟೆ ಒಗೆದೆನೋ ತಿಳೀಲಿಲ್ಲ,” ಎಂದಳು. ನಗಬೇಕೆನಿಸಿದರೂ ನಗು ಬರಲಿಲ್ಲ. ಯುಗಾದಿಗೆ ಇನ್ನು ಇಪ್ಪತ್ತು ದಿನವೂ ಇರಲಿಲ್ಲ.

ಅಜ್ಜನ ಕಾಲದಲ್ಲಿ ಇದನ್ನು ಮಾಡುತ್ತಿದ್ದವರು ಯಾರು? ಅದನ್ನು ಬಲ್ಲವರು ಒಬ್ಬರೇ ಉಳಿದಿದ್ದರು. ಆಗ ಮಹಡಿಯಲ್ಲಿ ಬಡಿಸುತ್ತಿದ್ದ ಹಿರಿಯರು, ಈಗ ಯಲ್ಲಾಪುರದಲ್ಲಿ ಮಗಳ ಮನೆಯಲ್ಲಿದ್ದಾರೆ. ಲಾರಿ ಗ್ಯಾರೇಜಿನ ಪಕ್ಕದ ಮನೆ. ಒಳಗೆ ಆಡುವ ಮಾತನ್ನೂ ಹಾರ್ನಿನ ನಡುವೆ ಸಂದು ನೋಡಿ ಆಡಬೇಕು.

“ಮಹಡಿ ಮೇಲೆ ಮಡಕೆ ಇಡ್ತಿದ್ದೋರು ಯಾರ್ರಿ?” ಎಂದು ಕೇಳಿದೆ.

ಅವರು ನನ್ನನ್ನು ದಿಟ್ಟಿಸಿದರು. “ನಿಮಗೆ ತಲೆ ಇದೆಯೋ ಇಲ್ವೋ? ಸೀರೆ ರಾಶಿ ಮೇಲೆ ಕಟ್ಟಿಗೆ ಒಲೆ ಹೂಡ್ತಾರಾ ಯಾರಾದ್ರೂ? ದೊಡ್ಡ ಯಜಮಾನ್ರು ಬೀಡಿ ಸೇದೋರನ್ನ ಮೆಟ್ಲು ಹತ್ತಲಿಕ್ಕೇ ಬಿಡ್ತಿರ್ಲಿಲ್ಲ.”

“ಮತ್ತೆ ಜನ ನೋಡೀನಿ ಅಂತಾರಲ್ರಿ!”

“ನೋಡಿದ್ದು ಕಾಫಿ ಬಾಯ್ಲರು. ತಾಮ್ರದ್ದು, ದುಂಡಗೆ, ಮುಚ್ಚಳ ಮೇಲೆ ಉಬ್ಬಿಕೊಂಡು ಇತ್ತು. ತೊಡದೇವನ್ನ ಅದರ ಮೇಲೆ ಬೆಚ್ಚಗೆ ಮಾಡಿ, ತುಪ್ಪ ಹಾಕಿ ನಾನೇ ತಂದು ಕೊಡ್ತಿದ್ದೆ. ಮಾಡ್ತಿದ್ದದ್ದು ಸಿದ್ದಾಪುರದ ಹತ್ತಿರ ಮನ್ಮನೆ ಅನ್ನೋ ಊರಿನ ಒಬ್ಬ ಅಮ್ಮ. ಬಿಸ್ಕೆಟ್ ಡಬ್ಬದಲ್ಲಿ ತುಂಬಿ ಬೆಳಗಿನ ಬಸ್ಸಿಗೆ ಕೊಡ್ತಿದ್ರು. ಒಂದು ಚೂರೂ ಒಡೀಬಾರದು ಅಂತ ಕಂಡಕ್ಟರು ಡಬ್ಬ ತೊಡೆ ಮೇಲೇ ಇಟ್ಕೊಂಡು ಬರ್ತಿದ್ದ. ಸಂಜೆ ಬಸ್ಸಿಗೆ ಖಾಲಿ ಡಬ್ಬ ವಾಪಸ್.”

ಯಲ್ಲಾಪುರದಿಂದ ಹಿಂದಿರುಗುವಾಗ ಬಸ್ಸಿನಲ್ಲಿ ಒಂದು ಉಪಾಯ ಹೊಳೆಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ. ಆ ಅಮ್ಮನನ್ನೇ ಕರೆತಂದು ಯುಗಾದಿಯ ದಿನ ಮಹಡಿಯಲ್ಲಿ ಮಡಕೆಯ ಮುಂದೆ ಕೂರಿಸಿದರೆ ಎಲ್ಲ ಸರಿಹೋಗುತ್ತದೆ. ಇತಿಹಾಸ ಒಂದು ಮಹಡಿ ಆಚೀಚೆ ಆದರೆ ಏನು? ಏಳು ಜನರ ಕೆಲಸ ಉಳಿಯುತ್ತದಲ್ಲ.

ಮರುದಿನವೇ ಮನ್ಮನೆಗೆ ಹೋದೆ. ಕಬ್ಬು ಅರೆಯುವ ಕಾಲ ಮುಗಿಯುತ್ತ ಬಂದಿತ್ತು. ಅಮ್ಮನಿಗೆ ಎಂಬತ್ತು ದಾಟಿರಬೇಕು. ಹಿತ್ತಲ ಒಲೆಯ ಮುಂದೆ ಸೊಸೆ ಮಡಕೆಯ ಮೇಲೆ ತೊಡದೇವು ಎಳೆಯುತ್ತಿದ್ದಳು, ಅಮ್ಮ ಪಕ್ಕದಲ್ಲಿ ಮಣೆ ಹಾಕಿ ಕೂತು ಮಡಚುತ್ತಿದ್ದರು. ಮಗ ಹೊಸದಾಗಿ ಕಾಯಿಸಿದ ಬೆಲ್ಲ ತುಂಬುತ್ತಿದ್ದ. ಯಾರಿಗೂ ತಲೆ ಎತ್ತಲು ಪುರುಸೊತ್ತಿಲ್ಲ. ಶಿರಸಿಯ ಜವಳಿ ಅಂಗಡಿಯಿಂದ ಬಂದವಳು ಎಂದೆ.

“ಬಾ ತಂಗಿ, ಕೂತ್ಗ. ಆಸರಿಗೆ ಎಂತ ಕೊಡ್ಲಿ?” ಎಂದರು ಅಮ್ಮ. ಕುಡಿಯಲು ಕಬ್ಬಿನ ಹಾಲು ಬಂತು.

ನಾನು ಸೊಸೆಯ ಕೈ ನೋಡುತ್ತ ಕೂತೆ. ಹಿಟ್ಟು ಹಾಲಿನಷ್ಟು ತೆಳು. ಅಡಿಕೆ ಮರ ಸೀಳಿದ ದಬ್ಬೆಯ ಕೋಲಿಗೆ ಗೇಣಗಲದ ಬಟ್ಟೆ. ಅದ್ದಿ, ಎತ್ತಿ, ಹನಿ ನಿಲ್ಲುವವರೆಗೆ ಕಾದು, ಮಡಕೆಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಒಂದೇ ಎಳೆತ. ಹಿಂದೆ ಮುಂದೆ ಇಲ್ಲ. ಕಣ್ಣು ಮಿಟುಕಿಸುವುದರೊಳಗೆ ಅಂಚು ಬಿಟ್ಟುಕೊಂಡು ಮೇಲೇಳುತ್ತಿತ್ತು. ಆ ಬಟ್ಟೆಯ ಮೇಲೆಯೇ ನನ್ನ ಕಣ್ಣು. ಮುಟ್ಟಿ ನೋಡಿದೆ. ಹೂವಿನ ಎಸಳಿನಷ್ಟು ಮೆತ್ತಗಿತ್ತು.

“ಹೊಸ ಬಟ್ಟೆ ಹಿಟ್ಟು ಕುಡೀತಿಲ್ಲೆ,” ಎಂದರು ಅಮ್ಮ, ನಾನು ಕೇಳುವ ಮೊದಲೇ. “ಇದು ದೇವರ ಪೂಜೆಗೆ ಉಡೋ ಪಂಚೆ. ದಿನಾ ಬರೀ ನೀರಲ್ಲಿ ಹಿಂಡದು, ಸೋಪು ಮುಟ್ಟಿಸ್ತ್ವಿಲ್ಲೆ. ಒಂದು ವರ್ಷ ಹಿಂಗೆ ಹಿಂಡಿರೆ ಆಮೇಲೆ ಮಡಕೆಗೆ ಬತ್ತು. ನಿಂಗಳ ದೊಡ್ಡ ಯಜಮಾನ್ರಿಗೆ ಅದು ಗೊತ್ತಿತ್ತು. ವರ್ಷಕ್ಕೊಂದು ಪಂಚೆ ಖಾಲಿ ಡಬ್ಬದಲ್ಲಿ ಇಟ್ಟು ಕಳಿಸ್ತಿದ್ರು.”

“ಆಮೇಲೆ ಯಾಕ ನಿಂತಿತ್ರಿ ಅಮ್ಮಾ?”

“ದೊಡ್ಡ ಯಜಮಾನ್ರು ತೀರಿಕೊಂಡ್ರು. ಒಂದಿನ ಡಬ್ಬ ವಾಪಸ್ ಬಂಜಿಲ್ಲೆ. ಓಹೋ, ಇನ್ನು ಬ್ಯಾಡ ಆಯ್ದು ಹೇಳಿ ತಿಳ್ಕಂಡಿ.” ಅಷ್ಟೇ. ಯಾರೂ ಒಂದು ಮಾತು ಹೇಳಿ ಕಳಿಸಿರಲಿಲ್ಲ.

ನಾನು ಹೊಸ ಹೋಟೆಲಿನ ವಿಷಯ, ಗೋಡೆಯ ವಿಷಯ ಹೇಳಿದೆ. ಸೊಸೆ ಕೈ ಒರೆಸಿಕೊಂಡು, ನನ್ನ ಫೋನಿನಲ್ಲಿದ್ದ ಬೋರ್ಡಿನ ಚಿತ್ರವನ್ನು ಅತ್ತೆಗೆ ಓದಿ ಹೇಳಿದಳು. ಬೇಡ ಎನ್ನುವಷ್ಟರಲ್ಲಿ ಓದಿಯಾಗಿತ್ತು. ಈ ಮಹಡಿಯ ಒಲೆಯ ಮೇಲೆ ಅಂದಿನಿಂದ ತೊಡದೇವು ಬೇಯುತ್ತ ಬಂದಿದೆ.

ಅಮ್ಮ ಮಡಚುತ್ತಿದ್ದದ್ದನ್ನು ನಿಲ್ಲಿಸಿದರು. ಸಿಟ್ಟು ಮಾಡಲಿಲ್ಲ. ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು: “ಹಂಗಾರೆ ಅಷ್ಟು ವರ್ಷ ಆನು ಈ ಹೊಗೆಲಿ ಕೂತು ಎಂತ ಮಾಡಿದ್ದಿ?”

ಚೀಟಿಯನ್ನು ನಂಬಿ ಆ ಬಟ್ಟೆಯ ತಾನನ್ನು ಮಾರಿದವರ ಮೇಲೆ ಮೂಗು ಮುರಿದಿದ್ದೆನಲ್ಲ, ಆ ಗೋಡೆಯ ಚೀಟಿ ನನ್ನದೇ ಕೈಬರಹ. ಮಹಡಿಗೆ ಬಂದು ಮಡಕೆಯ ಮುಂದೆ ಕೂರಿ ಎಂದು ಕೇಳಲು ಬಂದವಳು ಅದನ್ನು ಕೇಳಲಿಲ್ಲ. “ಮೊದಲಿನ ಹಾಗೇ ಡಬ್ಬದಾಗ ಕಳಸ್ತೀರೇನ್ರಿ ಅಮ್ಮಾ?” ಎಂದೆ.

“ಕಳಿಸಲೆ ಎಂತ ಅಡ್ಡಿಲ್ಲೆ. ಡಬ್ಬ ವಾಪಸ್ ಬರವು,” ಎಂದರು, ಷರತ್ತು ಹಾಕುವ ಹಾಗೆ.

ಸಂಜೆ ಯಜಮಾನರ ಮುಂದೆ ನಿಂತೆ. ಮಹಡಿಯಲ್ಲಿ ಮಡಕೆ ಇಡುವುದಿಲ್ಲ, ಎಂದೂ ಇಟ್ಟಿರಲಿಲ್ಲ, ಬೋರ್ಡ್ ಹೊಸದಾಗಿ ಬರೆಸಬೇಕು ಎಂದೆ.

“ಜನ ನೋಡೋಕೆ ಬರೋದೇ ಮಡಕೇನ ಮೇಡಂ. ಮೂರು ಜನ ಕಂಡಿದ್ದೇವೆ ಅಂತಿದ್ದಾರೆ. ಇದ್ರೆ ಯಾರಿಗೇನು ನಷ್ಟ?”

“ಆ ತಾನು ಕಪಾಟಿನಾಗ ಇದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ರಿ. ಆದ್ರೂ ನೀವ ಇಳಿಸಿದ್ರಿ. ಕೆಳಗ ಒಂದು ತಾನು ಇಳಿಸೀರಿ, ಮ್ಯಾಲ ಒಂದು ಸಾಲು ಇಳಸ್ರಿ.”

ಅವರು ಕುರ್ಚಿಗೆ ಒರಗಿದರು. “ಜನ ಬರದೇ ಇದ್ರೆ?”

“ಪೆನ್ಸಿಲ್ ನಿಮ್ಮ ಕೈಯಾಗ ಐತಲ್ರಿ.”

ಹೇಳಿಬಿಟ್ಟೆ, ಆದರೆ ಮೆಟ್ಟಿಲಲ್ಲಿ ಏಳು ಜನರ ಸಂಬಳ ಎಣಿಸುತ್ತ ಬಂದೆ. ಅಡುಗೆಯವರಿಗೆ ವಿಷಯ ತಿಳಿಸಿದಾಗ ಅವರು ಪಳಗಿಸಿದ ಮಡಕೆಯನ್ನು ಒಮ್ಮೆ ಸವರಿ, “ಎಂಟು ದಿನ ಸಾಕಿದ್ದೆ ಇದನ್ನ,” ಎಂದರು. ಅದರಲ್ಲಿ ಈಗ ಅವರು ಮೊಸರು ಹೆಪ್ಪು ಹಾಕುತ್ತಾರೆ. ನಾವಿಬ್ಬರೂ ಗೋದಾಮು ಜಾಲಾಡಿ ಹಳೆಯ ತಾಮ್ರದ ಬಾಯ್ಲರನ್ನು ಹೊರತೆಗೆದೆವು. ಹುಣಸೆಹುಳಿ ಹಚ್ಚಿ ಎರಡು ದಿನ ತಿಕ್ಕಿ, ಕಲಾಯಿ ಹಾಕಿಸಿ, ಒಳಗಿನ ಬಾಗಿಲ ಹತ್ತಿರ ಅದರ ಜಾಗದಲ್ಲೇ ಇಟ್ಟೆವು. ಗೋಡೆಯ ಮೊದಲ ಸಾಲು ಈಗ ಹೀಗಿತ್ತು: ‘ಈ ಮಹಡಿಯಲ್ಲಿ ತೊಡದೇವು ಎಂದೂ ಬೆಂದಿಲ್ಲ. ಅದು ಮನ್ಮನೆಯಿಂದ ಬಸ್ಸಿನಲ್ಲಿ ಬರುತ್ತದೆ.’ ಅದರ ಕೆಳಗೆ ಅಮ್ಮನ ಹೆಸರು. ಇಲ್ಲಿ ಅದನ್ನು ಬರೆಯುವುದಿಲ್ಲ. ಬೇಕಾದವರು ಮಹಡಿ ಹತ್ತಿ ಓದಬಹುದು.

ಯುಗಾದಿಯ ಬೆಳಿಗ್ಗೆ ಡಬ್ಬ ಇಳಿಸಿಕೊಳ್ಳಲು ಬಸ್ ನಿಲ್ದಾಣಕ್ಕೆ ಹೋದೆ. ಡಬ್ಬ ಇದ್ದದ್ದು ಕಂಡಕ್ಟರನ ತೊಡೆಯ ಮೇಲಲ್ಲ, ಅಮ್ಮನ ತೊಡೆಯ ಮೇಲೆ. ಪಕ್ಕದಲ್ಲಿ ಸೊಸೆ.

“ಅಷ್ಟು ವರ್ಷ ಕಳಿಸಿದ್ದಿ, ನಿಂಗಳ ಹೋಟ್ಲು ಒಂದಿನವೂ ನೋಡಿದ್ನಿಲ್ಲೆ. ನೋಡ್ಕಂಡು ಹೋಗ್ತೆ,” ಎಂದರು.

ಕಿಟಕಿಯ ಪಕ್ಕದ ಮೇಜಿಗೆ ಕೂರಿಸಿದೆ. ಬೆತ್ತದ ಕುರ್ಚಿಯ ತುದಿಯಲ್ಲಿ ಕೂತು ಬಿಳಿ ಮೇಜುಬಟ್ಟೆಯ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದರು, ಬಟ್ಟೆ ಪರೀಕ್ಷಿಸುವ ಹಾಗೆ. ಹನ್ನೊಂದಕ್ಕೆಲ್ಲ ಮೊದಲ ಮದುವೆ ಗುಂಪು ಮೇಲೆ ಬಂತು, ಯಲ್ಲಾಪುರದವರು. ಧಾರೆ ಸೀರೆ ಒಪ್ಪಿಗೆಯಾಗಿತ್ತು. ಎರಡೂ ಕಡೆಯವರು ಒಂದೇ ಮೇಜಿಗೆ ಕೂತರು, ಬಾಯ್ಲರಿನ ಮೇಲಿಂದ ಬೆಚ್ಚಗಿನ ತೊಡದೇವು ಹೋಯಿತು. ಆ ಗುಂಪಿನ ಹಿರಿಯರೊಬ್ಬರು ಗೋಡೆ ಓದಿ ಎದ್ದೇ ನಿಂತರು.

“ಇದು ತಪ್ಪು. ನನ್ನ ಮದುವೆ ಜವಳಿಗೆ ಬಂದಾಗ ಇಲ್ಲೇ ಮಡಕೆ ಇತ್ತು. ಈ ಕಣ್ಣಲ್ಲಿ ಕಂಡಿದ್ದೇನೆ!”

ಕಿಟಕಿಯ ಕಡೆಯಿಂದ ಅಮ್ಮ ಮೆಲ್ಲಗೆ ಹೇಳಿದರು: “ಮದುವೆ ಜವಳಿಗೆ ಬಂದವಕ್ಕೆ ಮಡಕೆ ಎಂತಕ್ಕೆ ಕಾಣ್ತು? ಹೆಣ್ಣು ಕಂಡಿರ್ತು.”

ಮಹಡಿಯೆಲ್ಲ ನಕ್ಕಿತು. ಆ ಹಿರಿಯರ ಹೆಂಡತಿ ಎಲ್ಲರಿಗಿಂತ ಜೋರಾಗಿ ನಕ್ಕರು. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ಸಾಲದೆ ಪಾತ್ರೆ ವಿಭಾಗದ ಸ್ಟೂಲುಗಳನ್ನು ತರಿಸಬೇಕಾಯಿತು. ಬಂದವರು ಗೋಡೆ ಓದಿ, ಕಿಟಕಿಯ ಕಡೆ ತಿರುಗಿ, ಅವರೇನಾ ಎಂದು ನನ್ನ ಕಿವಿಯಲ್ಲಿ ಕೇಳಿ, ಹೋಗಿ ಮಾತಾಡಿಸಿ ಬರುತ್ತಿದ್ದರು. ಯಜಮಾನರು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು. ಪೆನ್ಸಿಲ್ ಅಂಗಿಯ ಜೇಬಿನಲ್ಲೇ ಇತ್ತು, ನನ್ನ ಕಣ್ಣು ಹೋಗಿ ಹೋಗಿ ಅಲ್ಲಿಗೇ ಬೀಳುತ್ತಿತ್ತು.

ಅಮ್ಮ ಹೊರಡುವ ಹೊತ್ತಿಗೆ ಯಜಮಾನರು ಕೆಳಗಿನಿಂದ ಒಂದು ಪಂಚೆ ತಂದು ಎರಡೂ ಕೈಯಲ್ಲಿ ಕೊಟ್ಟರು. ಅಮ್ಮ ಅದನ್ನು ತೆಗೆದುಕೊಂಡು, ಅಂಚಿನಿಂದ ಒಂದು ಎಳೆ ಎಳೆದು, ಗೋಡೆಯ ಮುಂದೆ ಹಚ್ಚಿಟ್ಟಿದ್ದ ದೀಪಕ್ಕೆ ಹಿಡಿದರು. ಆ ತಾನಿನ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಯಜಮಾನರ ಕಿವಿ ಕೆಂಪಾಯಿತು. ಎಳೆ ಸರಕ್ಕನೆ ಉರಿದು ಬೂದಿಯಾಯಿತು. ಅಮ್ಮ ಅದನ್ನು ಬೆರಳಲ್ಲಿ ತಿಕ್ಕಿ ನೋಡಿದರು.

“ಹತ್ತಿಯೇ ಸೈ,” ಎಂದರು. “ಆದ್ರೆ ಇದು ಈಗ ಉಪಯೋಗಕ್ಕಿಲ್ಲೆ ತಮಾ. ಮಗ ಉಟ್ಟು, ದಿನಾ ಹಿಂಡಿ, ಬಪ್ಪ ವರ್ಷ ಮಡಕೆಗೆ ಬತ್ತು. ಆಗ ಈ ಹೋಟ್ಲು ಇರ್ತ?”

ಅಡುಗೆಯವರು ಬಾಗಿಲ ಸಂದಿಯಲ್ಲಿ ನಿಂತಿದ್ದರು, ಅವರ ಹಿಂದೆ ಉಳಿದವರು.

ಯಜಮಾನರು ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಗೋಡೆಯ ಕಡೆ.

“ಇರ್ತದೆ ಅಮ್ಮ,” ಎಂದರು. “ಮೇಡಂ, ಅವರ ಡಬ್ಬ ಎಲ್ಲಿ? ವಾಪಸ್ ಕೊಡಬೇಕಲ್ಲ.”

ನಾನು ಒಳಗೆ ಹೋಗಿ ಡಬ್ಬದ ತಳದ ಚೂರುಗಳನ್ನು ಅಂಗೈಗೆ ಕೊಡವಿಕೊಂಡು ಬಾಯಿಗೆ ಹಾಕಿಕೊಂಡೆ. ಡಬ್ಬ ಒರೆಸಿ, ಪಂಚೆಯನ್ನು ಮಡಚಿ ಒಳಗಿಟ್ಟು, ಮುಚ್ಚಳ ಹಾಕಿದೆ. ಸಿದ್ದಾಪುರದ ಬಸ್ಸಿಗೆ ಇನ್ನೂ ಹೊತ್ತಿತ್ತು.